ಯಂತ್ರದ ಮಹಜರು

ಸಾಯುತ್ತಿರುವವನು ತನ್ನ ಸಾವಿನ ಕಾರಣವನ್ನು ಕುರಿತು ಆಡಿದ ಮಾತನ್ನು ನ್ಯಾಯಸ್ಥಾನಗಳು ಸಾಕ್ಷ್ಯವಾಗಿ ಅಂಗೀಕರಿಸುತ್ತವೆ. ೧೮೭೨ರ ಸಾಕ್ಷ್ಯ ಶಾಸನದಲ್ಲಿ ಇದಕ್ಕೆ ಅವಕಾಶವಿದ್ದಿತು. ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಆದರೆ ಅಂಗೀಕರಿಸುವುದಕ್ಕೆ ಮೊದಲು ನ್ಯಾಯಾಧೀಶರು ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: ಆ ಮಾತನ್ನು ಆಡಿದಾಗ ಆತನ ಬುದ್ಧಿ ಸ್ವಸ್ಥವಾಗಿದ್ದಿತೆ? ಸನ್ನಿಪಾತದಲ್ಲಿ ಬಡಬಡಿಸಿದ ಮಾತು ಕೇಳುವವರ ಕರುಳನ್ನು ಕಲಕಿದರೂ ಪ್ರಮಾಣವಾಗಲಾರದು. ನೈಯಾಯಿಕರು ಶಬ್ದಪ್ರಮಾಣವನ್ನು ನಿರೂಪಿಸುವಾಗ ಆಪ್ತನ ಮಾತಿಗೆ ಮಾತ್ರ ಆ ಪದವಿಯನ್ನು ಕೊಟ್ಟಿರುವುದು ಇದಕ್ಕಾಗಿಯೇ. ವಸ್ತುವನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಬಲ್ಲಂತೆಯೇ ಹೇಳುವವನು ಆಪ್ತ. ಎರಡರಲ್ಲಿ ಒಂದು ತಪ್ಪಿದರೂ ಸಾಕ್ಷ್ಯವು ಕೆಟ್ಟಂತೆಯೇ ಸರಿ.

ಈ ಹಳೆಯ ಪ್ರಶ್ನೆಯೇ ಇಂದಿನ ಗಣಕಯಂತ್ರಗಳಲ್ಲಿ ಬೇರೊಂದು ವೇಷದಿಂದ ಕಾಣಿಸಿಕೊಂಡಿದೆ. ಯಂತ್ರವು ಕೆಲಸದ ನಡುವೆ ತಟಕ್ಕನೆ ನಿಂತುಹೋದಾಗ, ಆ ಕ್ಷಣದಲ್ಲಿ ಅದರ ಸ್ಮೃತಿಯಲ್ಲಿ ಏನೇನಿದ್ದಿತೋ ಅದರ ಪ್ರತಿಯನ್ನು ತೆಗೆದಿಡುವ ಏರ್ಪಾಡೊಂದುಂಟು. ಅದನ್ನು ಕ್ರ್ಯಾಷ್ ಡಂಪ್ ಎನ್ನುವರು. ಅಸಹಜವಾದ ಸಾವು ಸಂಭವಿಸಿದಲ್ಲಿ ಹೆಣವನ್ನು ಎತ್ತುವುದಕ್ಕೆ ಮೊದಲು ಪಂಚರನ್ನು ಕರೆದು, ಬಿದ್ದುದು ಬಿದ್ದಲ್ಲಿಯೇ ಇರುವಾಗ ಎಲ್ಲವನ್ನೂ ಬರೆದುಕೊಳ್ಳುವ ಮಹಜರಿಗೆ ಇದನ್ನು ಹೋಲಿಸಬಹುದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಊರಿನ ಮಹಜರನ್ನು ಬರೆಯುವವರು ಬದುಕಿರುವ ಜನ; ಯಂತ್ರದ ಮಹಜರನ್ನಾದರೋ ಬಿದ್ದ ಯಂತ್ರವೇ ಬರೆಯಬೇಕು. ಅದು ಹೇಗೆ ಸಾಧ್ಯ, ಸಾಧ್ಯವಾದರೂ ಅದನ್ನು ನಂಬುವುದು ಹೇಗೆ ಎಂಬುದರಲ್ಲಿ ಈ ವಿಷಯದ ಸ್ವಾರಸ್ಯವೂ ಕಷ್ಟವೂ ಅಡಗಿವೆ.

ಗಣಕಯಂತ್ರದಲ್ಲಿ ನಡೆಯುವ ಸಮಸ್ತ ವ್ಯವಹಾರಕ್ಕೂ ಮೇಲ್ವಿಚಾರಕವಾದ ವ್ಯವಸ್ಥೆಯನ್ನು ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅದರ ನಟ್ಟನಡುವಣ ಭಾಗವೇ ಕರ್ನೆಲ್. ಕಾಯಿಯೊಳಗಿನ ತಿರುಳು ಎಂದು ಈ ಶಬ್ದದ ಅರ್ಥ. ಕಾಗದ ಬರೆಯುವ, ಲೆಕ್ಕ ಮಾಡುವ, ಚಿತ್ರ ತೋರಿಸುವ ಪ್ರೋಗ್ರಾಂಗಳೆಲ್ಲ ಹೊರಗಿನ ಪ್ರಜೆಗಳಿದ್ದಂತೆ. ಸ್ಮೃತಿಯ ಯಾವ ಪುಟ ಯಾರಿಗೆ, ಡಿಸ್ಕಿನ ಮೇಲೆ ಯಾರು ಎಲ್ಲಿ ಬರೆಯಬಹುದು, ಯಾರ ಸರದಿ ಯಾವಾಗ ಎಂಬುದನ್ನು ನಿರ್ಣಯಿಸುವ ಅಧಿಕಾರ ಕರ್ನೆಲ್ಲಿಗೆ ಸೇರಿದುದು. ಪ್ರಜೆಗಳಲ್ಲಿ ಒಬ್ಬನು ತನ್ನದಲ್ಲದ ಪುಟದ ಮೇಲೆ ಕೈಯಿಟ್ಟರೆ ಕರ್ನೆಲ್ ಅವನೊಬ್ಬನನ್ನು ಹೊರಹಾಕಿ ಉಳಿದವರ ಕೆಲಸವನ್ನು ನಡಸಿಕೊಂಡು ಹೋಗುತ್ತದೆ. ಕರ್ನೆಲ್ಲೇ ಅಂತಹ ತಪ್ಪು ಮಾಡಿದರೆ ಅದನ್ನು ಹೊರಹಾಕುವವರು ಯಾರು? ಆಗ ಅದು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕಾಗುತ್ತದೆ. ಈ ನಿಲುಗಡೆಗೆ ಯೂನಿಕ್ಸ್ ಪರಂಪರೆಯವರು ಪ್ಯಾನಿಕ್ ಎಂದು ಹೆಸರಿಟ್ಟಿದ್ದಾರೆ. ವಿಂಡೋಸಿನಲ್ಲಿ ಇದೇ ಘಟನೆಯು ಬಹುಕಾಲ ನೀಲಿಯ ಪರದೆಯಾಗಿ ಕಾಣಿಸಿಕೊಳ್ಳುತ್ತಿದ್ದಿತು.

ನಿಲ್ಲುವುದೇಕೆ, ಹೇಗಾದರೂ ಸುಧಾರಿಸಿಕೊಂಡು ಮುಂದೆ ಹೋಗಬಾರದೆ ಎಂದು ಯಾರಾದರೂ ಕೇಳಬಹುದು. ಖಜಾನೆಯ ಲೆಕ್ಕದವನಿಗೆ ತನ್ನ ಕಿರ್ದಿಯಲ್ಲಿ ಎಲ್ಲಿಯೋ ಅಂಕಗಳು ಕಲಸಿಹೋಗಿವೆಯೆಂದು ತಿಳಿಯಿತೆನ್ನೋಣ. ಎಲ್ಲಿ ಕಲಸಿವೆಯೆಂದು ತಿಳಿಯದು. ಆ ಕಿರ್ದಿಯನ್ನೇ ನೋಡಿಕೊಂಡು ಮಾರನೆಯ ದಿನದ ಪಾವತಿಗಳನ್ನು ಮಾಡುತ್ತ ಹೋದರೆ, ಒಂದು ಪುಟದ ತಪ್ಪು ನೂರು ಮನೆಗಳ ತಪ್ಪಾಗುತ್ತದೆ. ಕಿರ್ದಿಯನ್ನು ಮುಚ್ಚಿ, ಪೆಟ್ಟಿಗೆಗೆ ಮೊಹರು ಹಾಕಿ, ಮೇಲಿನವರಿಗೆ ತಿಳಿಸುವುದೇ ಆಗ ಪ್ರಾಮಾಣಿಕನ ಕೆಲಸ. ಕರ್ನೆಲ್ಲಿನ ಸ್ಮೃತಿ ಕೆಟ್ಟಮೇಲೂ ಅದು ಓಡುತ್ತಿದ್ದರೆ ಆ ಕೆಟ್ಟ ಸ್ಮೃತಿಯೇ ಡಿಸ್ಕಿನ ಮೇಲೆ ಬರೆಹವಾಗಿ ಇಳಿಯುತ್ತದೆ. ಆಸ್ಪತ್ರೆಯ ದಾಖಲೆಯೋ ಬ್ಯಾಂಕಿನ ಲೆಕ್ಕವೋ ಯಾರಿಗೂ ತಿಳಿಯದಂತೆ ಬದಲಾಗುತ್ತದೆ. ನಿಂತುಹೋದ ಯಂತ್ರದಿಂದ ಒಂದು ಗಂಟೆಯ ನಷ್ಟ. ತಪ್ಪಾಗಿ ಓಡಿದ ಯಂತ್ರದಿಂದ ಆಗುವ ನಷ್ಟಕ್ಕೆ ಗಡುವಿಲ್ಲ.

ಈ ಮಾತಿಗೆ ಸಂಬಂಧಿಸಿದಂತೆ ಯೂನಿಕ್ಸಿನ ಚರಿತ್ರೆಯಲ್ಲಿ ಒಂದು ಪ್ರಸಂಗವುಂಟು. ಯೂನಿಕ್ಸಿಗೆ ಹಿಂದೆ ಮಲ್ಟಿಕ್ಸ್ ಎಂಬ ದೊಡ್ಡ ವ್ಯವಸ್ಥೆಯೊಂದನ್ನು ಅಮೆರಿಕದಲ್ಲಿ ಕಟ್ಟುತ್ತಿದ್ದರು. ಅದರಲ್ಲಿ ಕೆಲಸ ಮಾಡಿದ ಟಾಮ್ ವ್ಯಾನ್ ವ್ಲೆಕ್ ಎಂಬವರು, ತಾವು ಬರೆಯುತ್ತಿದ್ದುದರಲ್ಲಿ ಅರ್ಧದಷ್ಟು ತಪ್ಪಿನಿಂದ ಚೇತರಿಸಿಕೊಳ್ಳುವ ವಿಧಾನಗಳೇ ಎಂದು ಯೂನಿಕ್ಸಿನ ಕರ್ತೃಗಳಲ್ಲಿ ಒಬ್ಬರಾದ ಡೆನ್ನಿಸ್ ರಿಚಿಯವರೊಡನೆ ಹೇಳಿಕೊಂಡರಂತೆ. ತಾವು ಅದನ್ನೆಲ್ಲ ಬಿಟ್ಟುಬಿಟ್ಟೆವೆಂದೂ, ತಪ್ಪು ಕಂಡರೆ ಪ್ಯಾನಿಕ್ ಎಂಬ ಭಾಗವನ್ನು ಕರೆಯುವೆವೆಂದೂ, ಯಂತ್ರ ನಿಂತೊಡನೆ ಮೊಗಸಾಲೆಯಲ್ಲಿ ಕೂಗಿ ಅದನ್ನು ಮತ್ತೆ ಹೊರಡಿಸುವಂತೆ ಹೇಳುವೆವೆಂದೂ ರಿಚಿಯವರು ಉತ್ತರಕೊಟ್ಟರು. ಕೇಳುವುದಕ್ಕೆ ಇದು ಸೋಮಾರಿಯ ಉತ್ತರದಂತಿದೆ. ವಿಚಾರಮಾಡಿದರೆ ಇದರಲ್ಲಿ ಅರ್ಧ ವಿವೇಕವಿದೆ. ಕೆಟ್ಟಮೇಲೆ ನಿಲ್ಲಬೇಕೆಂಬುದು ಆ ಅರ್ಧ. ನಿಂತುದು ಏತಕ್ಕೆಂದು ತಿಳಿಯದೆ ಮತ್ತೆ ಹೊರಟರೆ ನಾಳೆ ಅದೇ ಕಲ್ಲಿಗೆ ಅದೇ ಕಾಲು ಎಡವುತ್ತದೆ ಎಂಬುದು ಉಳಿದರ್ಧ. ಕ್ರ್ಯಾಷ್ ಡಂಪು ಈ ಎರಡನೆಯ ಅರ್ಧಕ್ಕೆ ಸೇರಿದುದು.

ಕೋರ್ ಡಂಪ್ ಎಂಬ ಇನ್ನೊಂದು ಹೆಸರನ್ನೂ ತಂತ್ರಜ್ಞರ ಬಾಯಲ್ಲಿ ಕೇಳುವುದುಂಟು. ಹಿಂದಿನ ಯಂತ್ರಗಳ ಸ್ಮೃತಿಯನ್ನು ಎಳ್ಳುಕಾಳಿನಂತಹ ಕಾಂತದ ಉಂಗುರಗಳನ್ನು ತಂತಿಗಳಲ್ಲಿ ಪೋಣಿಸಿ ಮಾಡುತ್ತಿದ್ದರು. ಆ ಉಂಗುರಕ್ಕೆ ಕೋರ್ ಎಂದು ಹೆಸರು. ವಿದ್ಯುತ್ತು ಹೋದರೂ ಉಂಗುರದ ಕಾಂತಗುಣ ಹೋಗುತ್ತಿರಲಿಲ್ಲ. ಆದುದರಿಂದ ಸ್ಮೃತಿಯು ಅಳಿಯುತ್ತಿರಲಿಲ್ಲ. ಯೂನಿಕ್ಸಿನ ಮೊದಲ ಕಾಲದಲ್ಲಿ ಯಂತ್ರ ನಿಂತರೆ, ನೋಡಿಕೊಳ್ಳುವವನು ಕಾಂತದ ಟೇಪೊಂದನ್ನು ಏರಿಸಿ, ಯಂತ್ರದ ಮುಂಭಾಗದ ಗುಂಡಿಗಳಿಂದ ಒಂದು ವಿಳಾಸವನ್ನು ಕೊಟ್ಟು, ಸ್ಮೃತಿಯನ್ನೆಲ್ಲ ಟೇಪಿಗೆ ಇಳಿಸಿಕೊಳ್ಳುತ್ತಿದ್ದನು. ಉಂಗುರಗಳ ಕಾಲ ಕಳೆದುಹೋಯಿತು. ಈಗಿನ ಸ್ಮೃತಿಯು ವಿದ್ಯುತ್ತಿನ ಆಸರೆಯಿಲ್ಲದೆ ನಿಲ್ಲದು. ಹೆಸರು ಮಾತ್ರ ಉಳಿದುಕೊಂಡಿದೆ.

ಮುಂದೆ ಬರ್ಕ್‌ಲಿಯ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಯೂನಿಕ್ಸಿನಲ್ಲಿ ಒಂದು ಜಾಣ ಏರ್ಪಾಡನ್ನು ಮಾಡಿದರು. ಸ್ಮೃತಿಯಲ್ಲಿ ಸ್ಥಳ ಸಾಲದಾದಾಗ ಕೆಲವು ಪುಟಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದಕ್ಕೆ ಡಿಸ್ಕಿನಲ್ಲಿ ಸ್ವಾಪ್ ಎಂಬ ಭಾಗವೊಂದಿರುತ್ತದೆ. ಯಂತ್ರ ನಿಂತಮೇಲೆ ಅಲ್ಲಿರುವುದು ಯಾರಿಗೂ ಬೇಡದ ಸಾಮಾನು. ಆದುದರಿಂದ ಬೀಳುತ್ತಿರುವ ಕರ್ನೆಲ್ ತನ್ನ ಸ್ಮೃತಿಯನ್ನು ಅಲ್ಲಿಗೆ ಸುರಿದು ನಿಲ್ಲುವುದು; ಯಂತ್ರ ಮತ್ತೆ ಎಚ್ಚರಗೊಂಡಾಗ, ಆ ಭಾಗವನ್ನು ಬೇರೆಯವರು ಬಳಸಿ ಅಳಿಸುವುದಕ್ಕೆ ಮುಂಚೆ ಸೇವ್‌ಕೋರ್ ಎಂಬ ಸಣ್ಣ ಪ್ರೋಗ್ರಾಂ ಅದನ್ನು ಜೋಪಾನವಾದ ಕಡತವಾಗಿ ಎತ್ತಿಡುವುದು. ಸಾಮಾನ್ಯ ಕಡತಗಳಿರುವ ಭಾಗಕ್ಕೆ ನೇರವಾಗಿ ಏಕೆ ಬರೆಯಬಾರದೆಂದರೆ, ಕಡತಗಳ ವ್ಯವಸ್ಥೆಯನ್ನು ನಡಸುವುದೂ ಆ ಕೆಟ್ಟ ಕರ್ನೆಲ್ಲೇ ಆಗಿರುವುದರಿಂದ, ಮಹಜರು ಬರೆಯಹೋಗಿ ಮನೆಯ ಪತ್ರಗಳನ್ನೇ ಕೆಡಿಸುವ ಭಯವಿದೆ.

ಇಷ್ಟಾದರೂ ಮೊದಲನೆಯ ಪ್ರಶ್ನೆ ಉಳಿದೇ ಇದೆ. ಬರೆಯುತ್ತಿರುವ ಕೈ ಯಾರದು? ಡಿಸ್ಕಿಗೆ ಬರೆಯಬೇಕಾದರೆ ಡಿಸ್ಕನ್ನು ನಡಸುವ ಭಾಗ ಸರಿಯಾಗಿರಬೇಕು. ಕೆಟ್ಟಿರುವುದು ಆ ಭಾಗವೇ ಆಗಿದ್ದರೆ? ಯಾವ ಬೀಗವನ್ನು ಯಾರು ಹಾಕಿಕೊಂಡು ಕುಳಿತಿದ್ದಾರೋ, ಅದು ತೆರೆಯುವವರೆಗೆ ಕಾಯುತ್ತ ಬರೆಹವೇ ನಿಂತುಹೋಗಬಹುದು. ವಿಂಡೋಸನ್ನು ರಚಿಸಿದವರು ಈ ಸಂಶಯವನ್ನು ಮನಸ್ಸಿನಲ್ಲಿಟ್ಟುಕೊಂಡು, ಬರೆಯಬೇಕಾದ ಸ್ಥಳದ ನಕ್ಷೆಯನ್ನೂ ಬರೆಯುವ ಭಾಗಗಳನ್ನೂ ಯಂತ್ರ ಹೊರಡುವಾಗಲೇ ಗುರುತಿಸಿ, ಅವುಗಳ ಮೊತ್ತವೊಂದನ್ನು ತೆಗೆದಿಡುವಂತೆ ಮಾಡಿದರು. ಬೀಳುವ ಕ್ಷಣದಲ್ಲಿ ಮೊತ್ತವನ್ನು ಮತ್ತೆ ತೆಗೆದು ನೋಡಿ, ತಾಳೆಯಾಗದಿದ್ದರೆ ಏನನ್ನೂ ಬರೆಯದೆ ಸುಮ್ಮನಾಗಬೇಕೆಂದು ಕಟ್ಟುಮಾಡಿದರು. ತಪ್ಪು ಸ್ಥಳದಲ್ಲಿ ಬರೆಯುವುದಕ್ಕಿಂತ ಮೌನವೇ ಮೇಲೆಂಬ ಈ ನಿಯಮವು ಮನುಷ್ಯರಲ್ಲಿಯೂ ದುರ್ಲಭವಾದ ಸಂಯಮ.

ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ದೊರೆತ ಉತ್ತರ ಎಲ್ಲಕ್ಕಿಂತ ನೇರವಾದುದು. ಅದರ ಚರಿತ್ರೆಯಲ್ಲಿ ಬೆಂಗಳೂರಿಗೂ ಪಾಲಿದೆಯೆಂಬುದು ಕನ್ನಡದ ವಾಚಕರಿಗೆ ಸಂತೋಷವನ್ನುಂಟುಮಾಡಬಹುದು. ಎರಿಕ್ ಬೀಡರ್‌ಮನ್ ಎಂಬವರು, ಓಡುತ್ತಿರುವ ಒಂದು ಕರ್ನೆಲ್ಲು ಯಂತ್ರವನ್ನು ಆರಿಸದೆಯೇ ಇನ್ನೊಂದು ಕರ್ನೆಲ್ಲಿಗೆ ನೇರವಾಗಿ ಅಧಿಕಾರವನ್ನು ಒಪ್ಪಿಸುವ ಕೆಎಕ್ಸೆಕ್ ಎಂಬ ಉಪಾಯವನ್ನು ರಚಿಸಿದ್ದರು. ಐ.ಬಿ.ಎಂ. ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ಕೇಂದ್ರದ ತಂತ್ರಜ್ಞರು ಈ ಉಪಾಯದ ಮೇಲೆ ಕೆಡಂಪ್ ಎಂಬ ವ್ಯವಸ್ಥೆಯನ್ನು ಕಟ್ಟಿದರು. ವಿವೇಕ್ ಗೋಯಲ್, ಬೀಡರ್‌ಮನ್, ಹರಿಪ್ರಸಾದ್ ನೆಲ್ಲಿತೀರ್ಥ ಎಂಬ ಮೂವರ ಹೆಸರಿನಲ್ಲಿ ೨೦೦೫ರಲ್ಲಿ ಕೆನಡಾದ ಒಟ್ಟಾವಾ ನಗರದ ಲಿನಕ್ಸ್ ಸಮ್ಮೇಳನದಲ್ಲಿ ಇದರ ಪ್ರಬಂಧವು ಬಂದಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಟ ೨.೬.೧೩ನೆಯ ಆವೃತ್ತಿಯಲ್ಲಿ ಕೆಎಕ್ಸೆಕ್ ಕೆಡಂಪ್ ಎರಡೂ ಸೇರಿದುವು.

ಇದರ ತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕೆಟ್ಟ ಕರ್ನೆಲ್ಲಿನ ಕೈಯಲ್ಲಿ ಏನನ್ನೂ ಬರೆಯಿಸಕೂಡದು. ಯಂತ್ರವು ಆರೋಗ್ಯವಾಗಿ ಹೊರಟಾಗಲೇ ಸ್ಮೃತಿಯ ಒಂದು ಭಾಗವನ್ನು, ೨೫೬ ಮೆಗಾಬೈಟಿನಷ್ಟನ್ನೋ ಇನ್ನೂ ಹೆಚ್ಚನ್ನೋ, ಬೇರೆ ಯಾರೂ ಮುಟ್ಟದಂತೆ ಮೀಸಲಿಡುವರು. ಅದರೊಳಗೆ ಇನ್ನೊಂದು ಕರ್ನೆಲ್ಲನ್ನು ಮಲಗಿಸುವರು. ದಿನಗಳು, ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು ಕಳೆದರೂ ಅದು ಏಳುವುದಿಲ್ಲ. ಅದಕ್ಕೆ ಬೇರೊಂದು ಕೆಲಸವೂ ಇಲ್ಲ. ಮೊದಲಿನ ಕರ್ನೆಲ್ ಬಿದ್ದಾಗ ಅದು ಮಾಡಬೇಕಾದುದು ಅತ್ಯಲ್ಪ. ಉಳಿದ ಸಂಸ್ಕಾರಕಗಳನ್ನು, ಎಂದರೆ ಪ್ರೊಸೆಸರುಗಳನ್ನು, ತಡೆದು ನಿಲ್ಲಿಸಿ, ನಿಂತಾಗ ಅವುಗಳ ಕೈಯಲ್ಲಿದ್ದ ಅಂಕಗಳನ್ನು ಒಂದೆಡೆ ಗುರುತುಮಾಡಿ, ಮಲಗಿದ್ದವನ ಬಾಗಿಲಿಗೆ ನೆಗೆದುಬಿಡುವುದು. ಆಮೇಲೆ ಅದರ ಕಥೆ ಮುಗಿಯಿತು.

ಎರಡು ಕರ್ನೆಲ್ಲುಗಳ ನಡುವೆ ದಾಟಬೇಕಾದ ಒಂದು ಪುಟ್ಟ ಸಂಧಿಸ್ಥಳವುಂಟು. ಅದಕ್ಕೆ ಪರ್ಗೆಟರಿ ಎಂದು ಹೆಸರು. ಕ್ರೈಸ್ತರಲ್ಲಿ ಕೆಲವರು ಸತ್ತವರ ಆತ್ಮಗಳು ಮುಂದಿನ ಲೋಕಕ್ಕೆ ಹೋಗುವುದಕ್ಕೆ ಮೊದಲು ಶುದ್ಧಿಗಾಗಿ ತಂಗುವುದೆಂದು ನಂಬುವ ನಡುಲೋಕದ ಹೆಸರು ಇದು. ತಂತ್ರಜ್ಞರು ತಮಾಷೆಗಾಗಿ ಇಟ್ಟಿದ್ದರೂ ಅನ್ವರ್ಥವಾಗಿದೆ. ಅಲ್ಲಿ ನಡೆಯುವ ಮುಖ್ಯ ಕೆಲಸವೆಂದರೆ ಶುದ್ಧಿಪರೀಕ್ಷೆ. ಎರಡನೆಯ ಕರ್ನೆಲ್ಲನ್ನು ಮಲಗಿಸಿದಾಗ ತೆಗೆದಿಟ್ಟ ಒಂದು ಮುದ್ರೆಯ ಅಂಕವನ್ನು ಈಗ ಮತ್ತೆ ಲೆಕ್ಕಹಾಕಿ ತಾಳೆನೋಡುವರು. ಸಾಕ್ಷಿಯ ಮೈಮೇಲೂ ಮಸಿ ಬಿದ್ದಿದೆಯೇ ಎಂದು ತಿಳಿಯುವ ಉಪಾಯವಿದು. ತಾಳೆಯಾಗದಿದ್ದರೆ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡದೆ ಅಲ್ಲಿಯೇ ಸುತ್ತುತ್ತ ನಿಲ್ಲುವಂತೆ ಇದನ್ನು ರಚಿಸಿದ್ದರು.

ಮೀಸಲು ಸ್ಥಳದ ಅಗತ್ಯಕ್ಕೆ ಇನ್ನೊಂದು ಕಾರಣವೂ ಇದೆ. ಯಂತ್ರಕ್ಕೆ ಸೇರಿದ ಜಾಲದ ಸಲಕರಣೆ, ಡಿಸ್ಕು ಮೊದಲಾದುವು ಕರ್ನೆಲ್ ಹಿಂದೆ ಕೊಟ್ಟ ಅಪ್ಪಣೆಯಂತೆ ಸ್ಮೃತಿಗೆ ತಾವೇ ನೇರವಾಗಿ ಬರೆಯುತ್ತಿರುತ್ತವೆ. ಯಜಮಾನನು ಕಾಲವಾದ ಸುದ್ದಿ ತಿಳಿಯದ ಹಾಲಿನವನು ಮಾರನೆಯ ಬೆಳಗ್ಗೆಯೂ ಬಂದು ಪಾತ್ರೆಗೆ ಹಾಲು ಹೊಯ್ಯುವಂತೆ, ಕರ್ನೆಲ್ ಬಿದ್ದಮೇಲೂ ಅವು ಹಳೆಯ ವಿಳಾಸಗಳಿಗೆ ಬರೆಯುತ್ತಲೇ ಇರಬಹುದು. ಹೊಸ ಕರ್ನೆಲ್ ಆ ಹಳೆಯ ಸ್ಥಳದಲ್ಲಿ ಎದ್ದು ಕುಳಿತರೆ ಅದರ ತಲೆಯ ಮೇಲೆಯೇ ಸುರಿದಾರು. ಮೀಸಲಾದ ಸ್ಥಳಕ್ಕೆ ಹಿಂದೆ ಯಾವ ಅಪ್ಪಣೆಯೂ ಹೋಗಿರುವುದಿಲ್ಲವಾದುದರಿಂದ ಅಲ್ಲಿ ಆ ಭಯವಿಲ್ಲ. ಹೀಗೆ ಎದ್ದ ಎರಡನೆಯ ಕರ್ನೆಲ್ಲಿಗೆ ಮೊದಲನೆಯದರ ಸ್ಮೃತಿಯೆಲ್ಲವೂ ಒಂದು ಕಡತದಂತೆ ಕಾಣುತ್ತದೆ. ಅದನ್ನು ಡಿಸ್ಕಿಗೋ ದೂರದ ಇನ್ನೊಂದು ಯಂತ್ರಕ್ಕೋ ಪ್ರತಿಮಾಡಿ, ಬಳಿಕ ಯಂತ್ರವನ್ನು ಮೊದಲಿನಂತೆ ಹೊರಡಿಸಿ, ತಾನು ಮರೆಯಾಗುತ್ತದೆ. ಸತ್ತವನಲ್ಲದ, ಸಾವಿನಲ್ಲಿ ಪಾಲುಗೊಳ್ಳದ, ಆದರೆ ಅದೇ ಮನೆಯಲ್ಲಿ ಮೊದಲಿನಿಂದಲೂ ಇದ್ದ ಸಾಕ್ಷಿ ಇದು. ನೈಯಾಯಿಕರು ಕೇಳಿದ ಆಪ್ತಲಕ್ಷಣಕ್ಕೆ ಇದಕ್ಕಿಂತ ಹತ್ತಿರವಾದುದನ್ನು ಯಂತ್ರಲೋಕದಲ್ಲಿ ಕಾಣುವುದು ಕಷ್ಟ.

ಸಾಕ್ಷ್ಯವು ಕೈಸೇರಿದಮೇಲೆ ಅದನ್ನು ಓದುವುದೊಂದು ಬೇರೆಯೇ ವಿದ್ಯೆ. ಡಂಪೆಂಬುದು ತನ್ನಷ್ಟಕ್ಕೆ ಬರಿಯ ಅಂಕಗಳ ರಾಶಿ. ಆ ಕರ್ನೆಲ್ಲನ್ನು ರಚಿಸಿದಾಗ ಯಾವ ವಿಳಾಸದಲ್ಲಿ ಯಾವ ಹೆಸರಿನ ಭಾಗವಿದ್ದಿತೆಂಬ ಪಟ್ಟಿ ಜೊತೆಗಿಲ್ಲದಿದ್ದರೆ, ನಿಘಂಟಿಲ್ಲದೆ ಅರಿಯದ ಭಾಷೆಯ ತಾಳೆಯೋಲೆಯನ್ನು ಹಿಡಿದಂತಾಗುತ್ತದೆ. ಆ ಪಟ್ಟಿಯೂ ಅದೇ ಆವೃತ್ತಿಯದಾಗಿರಬೇಕು. ಒಂದು ತಿದ್ದುಪಡಿಯಷ್ಟು ವ್ಯತ್ಯಾಸವಿದ್ದರೂ ಅರ್ಥವು ಅನರ್ಥವಾಗುತ್ತದೆ. ಪಟ್ಟಿ ಸರಿಯಾಗಿದ್ದಲ್ಲಿ, ಯಾರು ಯಾರನ್ನು ಕರೆದು, ಅವರು ಮತ್ತೆ ಯಾರನ್ನು ಕರೆದು ಕಡೆಗೆ ಎಲ್ಲಿ ಬಿದ್ದರೆಂಬ ಕರೆಗಳ ಪರಂಪರೆಯನ್ನು ಮೇಲಿನಿಂದ ಕೆಳಕ್ಕೆ ಓದಬಹುದು.

ಹೊಸಬರು ಎಡವುವುದು ಇಲ್ಲಿಯೇ. ಪರಂಪರೆಯ ತುದಿಯಲ್ಲಿ ಕಾಣುವ ಹೆಸರೇ ಅಪರಾಧಿಯದೆಂದು ಅವರು ತೀರ್ಮಾನಿಸಿಬಿಡುತ್ತಾರೆ. ಮಡಕೆಗೆ ಕಾರಣವಾವುದೆಂಬ ವಿಚಾರದಲ್ಲಿ ನ್ಯಾಯಶಾಸ್ತ್ರದವರು ಮಣ್ಣು ಹೊತ್ತುತಂದ ಕತ್ತೆಯನ್ನು ಉದಾಹರಿಸುವುದು ಪ್ರಸಿದ್ಧವಾಗಿದೆ. ಕತ್ತೆಯು ಮಡಕೆಗೆ ಮೊದಲು ಅಲ್ಲಿ ಇದ್ದಿತು, ನಿಜ. ಆದರೂ ಅದು ಕಾರಣವಲ್ಲ, ಅನ್ಯಥಾಸಿದ್ಧ. ಬಿದ್ದ ಸ್ಥಳದಲ್ಲಿ ನಿಂತಿರುವ ಭಾಗವೂ ಅನೇಕ ವೇಳೆ ಅಂತಹ ಕತ್ತೆಯೇ. ಬೇರೊಬ್ಬನು ಹತ್ತು ನಿಮಿಷಗಳ ಹಿಂದೆ ಕೆಡಿಸಿಹೋದ ಪುಟವನ್ನು ತಿಳಿಯದೆ ತೆರೆದದ್ದೇ ಅದರ ತಪ್ಪು.

ನಿಜವಾದ ಕಾರಣವನ್ನು ತೋರುವ ಲಿಂಗಗಳು ಬೇರೆಯಾಗಿರುತ್ತವೆ. ಪರೀಕ್ಷೆಯ ವ್ಯವಸ್ಥೆಯನ್ನು ಜಾಗೃತಗೊಳಿಸಿದ ಲಿನಕ್ಸಿನಲ್ಲಿ, ಬಿಟ್ಟುಕೊಟ್ಟ ಸ್ಮೃತಿಯನ್ನು ೬ಬಿ ಎಂಬ ಗುರುತಿನಿಂದ ತುಂಬಿಡುವರು. ತಂತ್ರಜ್ಞರು ಇದಕ್ಕೆ ವಿಷವಿಡುವುದು ಎನ್ನುತ್ತಾರೆ. ಡಂಪಿನಲ್ಲಿ ವಿಳಾಸವಿರಬೇಕಾದ ಕಡೆ ೬ಬಿ೬ಬಿ೬ಬಿ೬ಬಿ ಎಂದು ಕಂಡರೆ, ಯಾರೋ ತಾವು ಬಿಟ್ಟುಕೊಟ್ಟ ಮನೆಗೆ ಮತ್ತೆ ನುಗ್ಗಿದ್ದಾರೆಂದು ಊಹಿಸಬಹುದು; ಹೊಗೆಯಿಂದ ಬೆಂಕಿಯನ್ನು ಊಹಿಸುವಷ್ಟೇ ಸಹಜವಾದ ಅನುಮಾನವಿದು. ಇನ್ನು ಕೆಲವು ವೇಳೆ ವಿಳಾಸವೆಲ್ಲ ಸರಿಯಾಗಿದ್ದು ಒಂದೇ ಒಂದು ಬಿಟ್ ಮಾತ್ರ ತಿರುಗಿರುತ್ತದೆ, ಸೊನ್ನೆಯಿರಬೇಕಾದಲ್ಲಿ ಒಂದು. ಬರೆದವರ ತಪ್ಪಿಗೆ ಇಷ್ಟು ಚಿಕ್ಕ ಹೆಜ್ಜೆಗುರುತು ಇರುವುದು ಅಪರೂಪ. ಆಗ ಸ್ಮೃತಿಯ ಚಿಪ್ಪನ್ನೇ ಸಂಶಯಿಸಬೇಕಾಗುತ್ತದೆ. ಹೀಗೆ ಡಂಪನ್ನು ಓದುವವನು ಒಂದು ದಿನ ನಿರಪರಾಧಿಯನ್ನು ಬಿಡಿಸುತ್ತಾನೆ, ಇನ್ನೊಂದು ದಿನ ಯಾರೂ ನೋಡದ ಮೂಲೆಯ ದೋಷವನ್ನು ಹೊರಗೆಳೆಯುತ್ತಾನೆ.

ಇದೆಲ್ಲ ತಂತ್ರಜ್ಞರ ಕೋಣೆಯ ಮಾತು, ಗೃಹಸ್ಥರಿಗೆ ಇದರಿಂದೇನು ಎನ್ನುವವರು ೨೦೨೪ರ ಜುಲೈ ೧೯ನ್ನು ಜ್ಞಾಪಿಸಿಕೊಳ್ಳಬಹುದು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆಯು ಆ ದಿನ ಕಳುಹಿಸಿದ ಒಂದು ಸಣ್ಣ ಕಡತದಿಂದ ಲೋಕದಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದುವೆಂದು ಮೈಕ್ರೋಸಾಫ್ಟ್ ಅಂದಾಜುಮಾಡಿತು. ವಿಮಾನಗಳು ನಿಂತುವು, ಆಸ್ಪತ್ರೆಗಳಲ್ಲಿ ಕೆಲಸ ತಡೆದುವು. ಭಾರತದ ವಿಮಾನನಿಲ್ದಾಣಗಳಲ್ಲಿ ಕೆಲವೆಡೆ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಕೊಟ್ಟರು. ಶತ್ರುಗಳ ಆಕ್ರಮಣವಿರಬಹುದೆಂಬ ಗುಮಾನಿಯೂ ಮೊದಲಲ್ಲಿ ಹಬ್ಬಿತು. ಡಂಪುಗಳನ್ನು ತೆರೆದು ನೋಡಿದಾಗ, ಆ ಸಂಸ್ಥೆಯ ಭಾಗವು ಕರ್ನೆಲ್ಲಿನೊಳಗೆ ತನ್ನ ಎಲ್ಲೆಯನ್ನು ದಾಟಿ ಸ್ಮೃತಿಯನ್ನು ಓದಹೋಗಿ ಬಿದ್ದುದು ಕಂಡಿತು. ನಮೂನೆಯಲ್ಲಿ ೨೧ ಅಂಶಗಳನ್ನು ಹೇಳಿದ್ದಿತು. ಒದಗಿಸಿದ್ದುದು ೨೦ ಮಾತ್ರ. ಪಂಕ್ತಿಯಲ್ಲಿ ಇಪ್ಪತ್ತು ಎಲೆ ಹಾಕಿ ಇಪ್ಪತ್ತೊಂದನೆಯ ಎಲೆಯನ್ನು ಹುಡುಕಿಕೊಂಡು ಹೋದಂತಾಯಿತು. ಆ ಗೊಂದಲದಲ್ಲಿ ಊಹಾಪೋಹಗಳಿಗೆ ತೆರೆಯೆಳೆದುದು ಯಾರ ವಾಕ್ಚಾತುರ್ಯವೂ ಅಲ್ಲ. ಬಿದ್ದ ಯಂತ್ರಗಳು ಉಳಿಸಿಹೋದ ಮಹಜರುಗಳು.

ಅಷ್ಟು ದೊಡ್ಡ ಸಂಗತಿಗಳಲ್ಲದೆ ಪ್ರತಿರಾತ್ರಿಯೂ ಎಲ್ಲಿಯೋ ಒಂದು ಕಡೆ ನಡೆಯುವ ಸಣ್ಣ ಧರ್ಮಸಂಕಟವೊಂದುಂಟು. ದೊಡ್ಡ ಯಂತ್ರವೊಂದು ನಡುರಾತ್ರಿಯಲ್ಲಿ ಬೀಳುತ್ತದೆ. ಕಾವಲಿಗಿರುವ ಯುವಕನ ದೂರವಾಣಿ ಒಂದೇಸಮನೆ ಮೊಳಗುತ್ತದೆ. ಆ ಯಂತ್ರದ ಸ್ಮೃತಿ ಒಂದು ಟೆರಾಬೈಟ್ ಇದ್ದು, ಸೆಕೆಂಡಿಗೆ ೫೦೦ ಮೆಗಾಬೈಟಿನಂತೆ ಬರೆದರೂ ಪೂರ್ತಿ ಪ್ರತಿಗೆ ಅರ್ಧ ಗಂಟೆಗೆ ಮೇಲೆ ಹಿಡಿಯುತ್ತದೆ. ಬೇಡದ ಪುಟಗಳನ್ನು ತೊರೆದರೆ ಬೇಗ ಮುಗಿದೀತು, ಆದರೂ ಕಾಯಬೇಕು. ಗುಂಡಿಯೊಂದನ್ನು ಒತ್ತಿ ಯಂತ್ರವನ್ನು ಆರಿಸಿ ಹತ್ತಿಸಿದರೆ ಕೆಲವೇ ನಿಮಿಷಗಳಲ್ಲಿ ಎಲ್ಲರ ಬಾಯಿ ಮುಚ್ಚುತ್ತದೆ, ಸಾಕ್ಷ್ಯವೂ ಅಳಿಯುತ್ತದೆ. ಕಾದರೆ ಈ ರಾತ್ರಿಯ ಬೈಗಳು. ಕಾಯದಿದ್ದರೆ ಇದೇ ಬೈಗಳು ಇನ್ನೊಂದು ರಾತ್ರಿ. ಒಂದು ಯಂತ್ರ ನಿಂತರೆ ಅದರ ಕೆಲಸವನ್ನು ಹೊರುವ ಎರಡನೆಯ ಯಂತ್ರವನ್ನು ಮೊದಲೇ ಒದಗಿಸಿರುವ ಮನೆಗಳಲ್ಲಿ ಆ ಯುವಕನಿಗೆ ಕಾಯುವ ಧೈರ್ಯವಿರುತ್ತದೆ. ಒದಗಿಸದಿರುವಲ್ಲಿ ಅವನು ಗುಂಡಿಯನ್ನೊತ್ತಿದರೆ ದೋಷ ಅವನೊಬ್ಬನದೆಂದು ಹೇಳುವುದು ನ್ಯಾಯವಲ್ಲ.

ಉಳಿಸಿದ ಸಾಕ್ಷ್ಯವನ್ನು ಕಾಯುವುದೂ ಉಳಿಸಿದವರ ಹೊಣೆ. ಸ್ಮೃತಿಯಲ್ಲಿದ್ದುದೆಲ್ಲ ಡಂಪಿಗೆ ಇಳಿಯುತ್ತದೆಯೆಂದರೆ, ಆ ಕ್ಷಣದಲ್ಲಿ ಯಾರೋ ತೆರೆದಿದ್ದ ಪತ್ರ, ಯಾವುದೋ ರೋಗಿಯ ವಿವರ, ಗುಪ್ತಶಬ್ದ, ಬೀಗದ ಕೈಗಳಂತಿರುವ ಗುಪ್ತಾಂಕಗಳು ಎಲ್ಲವೂ ಇಳಿಯುತ್ತವೆ. ೨೦೨೩ರಲ್ಲಿ ಮೈಕ್ರೋಸಾಫ್ಟಿನ ಒಂದು ಗುಪ್ತಾಂಕವು ಪರರ ಕೈಸೇರಿ, ಸುಮಾರು ೨೫ ಸಂಸ್ಥೆಗಳ ಪತ್ರವ್ಯವಹಾರಕ್ಕೆ ಕನ್ನ ಬಿದ್ದಿತು. ಅದು ೨೦೨೧ರ ಏಪ್ರಿಲಿನ ಒಂದು ಕ್ರ್ಯಾಷ್ ಡಂಪಿನ ಮೂಲಕ ಹೊರಬಿದ್ದಿರಬಹುದೆಂದು ಆ ಸಂಸ್ಥೆ ಸೆಪ್ಟೆಂಬರಿನಲ್ಲಿ ಊಹಿಸಿತು; ೨೦೨೪ರ ಮಾರ್ಚಿನಲ್ಲಿ ಆ ಗುಪ್ತಾಂಕವಿರುವ ಡಂ‌ಪು ತಮಗೆ ದೊರೆತಿಲ್ಲವೆಂದು ತಿದ್ದಿಕೊಂಡಿತು. ಊಹೆ ಸಿದ್ಧವಾಗಲಿಲ್ಲ. ಆದರೂ ಅಷ್ಟು ದೊಡ್ಡ ಸಂಸ್ಥೆಯ ಪರೀಕ್ಷಕರಿಗೆ ಅದು ಸಂಭಾವ್ಯವೆಂದು ತೋರಿದುದೇ ಎಚ್ಚರಿಕೆಗೆ ಸಾಕು. ಲಿನಕ್ಸಿನಲ್ಲಿ ಡಂಪನ್ನು ಸೋಸುವ ಸಾಧನಕ್ಕೆ ೩೧ ಎಂಬ ಅಂಕವನ್ನು ಕೊಟ್ಟರೆ, ಬರಿಯ ಸೊನ್ನೆಗಳ ಪುಟ, ಡಿಸ್ಕಿನಿಂದ ತಂದಿಟ್ಟ ಎರಡು ಬಗೆಯ ಪುಟ, ಪ್ರಜೆಗಳ ಪುಟ, ಖಾಲಿ ಪುಟ, ಈ ಐದು ಬಗೆಗಳನ್ನೂ ಬಿಟ್ಟು ಕರ್ನೆಲ್ಲಿಗೆ ಸೇರಿದುದನ್ನು ಮಾತ್ರ ಉಳಿಸುತ್ತದೆ. ಅದರಿಂದ ಕಾಲವೂ ಸ್ಥಳವೂ ಉಳಿಯುವುದಲ್ಲದೆ ಪರರ ಗುಟ್ಟಿನ ಬಹುಭಾಗವೂ ಉಳಿಯುತ್ತದೆ. ಎಲ್ಲವೂ ಉಳಿಯುವುದಿಲ್ಲ, ಕರ್ನೆಲ್ಲಿನ ಪುಟಗಳಲ್ಲಿಯೂ ಗುಪ್ತಾಂಕಗಳಿರುತ್ತವೆ. ಆದುದರಿಂದ ಡಂಪಿನ ಕಡತವನ್ನು ಮರಣೋತ್ತರ ಪರೀಕ್ಷೆಯ ಕೊಠಡಿಯಂತೆ ಅಧಿಕಾರವುಳ್ಳವರಿಗೆ ಮಾತ್ರ ತೆರೆಯಬೇಕು, ಕೆಲಸ ಮುಗಿದಮೇಲೆ ಅಳಿಸಬೇಕು.

ಈ ಎಲ್ಲ ವಿವರಗಳಲ್ಲಿಯೂ ಒಂದು ಅಂಶವು ಎದ್ದುಕಾಣುತ್ತದೆ. ಬೀಳುವ ಕ್ಷಣದಲ್ಲಿ ಮಾಡಬಹುದಾದುದು ಬಹಳ ಕಡಮೆ. ಸ್ಥಳವನ್ನು ಮೀಸಲಿಡುವುದು, ಸಾಕ್ಷಿಯನ್ನು ಮಲಗಿಸುವುದು, ಮುದ್ರೆಯನ್ನು ತೆಗೆದಿಡುವುದು, ಹೆಸರುಗಳ ಪಟ್ಟಿಯನ್ನು ಕಾಪಾಡುವುದು, ಇವೆಲ್ಲವೂ ಯಂತ್ರವು ನೆಟ್ಟಗಿರುವಾಗ ಆಗಬೇಕಾದ ಕೆಲಸಗಳು. ನೆಟ್ಟಗಿರುವಾಗ ಅವು ದಂಡವೆಂದು ತೋರುತ್ತವೆ. ಎಂದೋ ಬರುವ ದಿನಕ್ಕಾಗಿ ಇಷ್ಟು ಸ್ಮೃತಿಯನ್ನು ಸುಮ್ಮನೆ ಬಿಡುವುದೇಕೆಂದು ಲೆಕ್ಕ ನೋಡುವವರು ಕೇಳುತ್ತಾರೆ. ಮೀಸಲಿಟ್ಟವರಲ್ಲಿಯೂ ಅನೇಕರು ಅದನ್ನು ಒಮ್ಮೆಯೂ ಪರೀಕ್ಷಿಸಿರುವುದಿಲ್ಲ. ಆ ದಿನ ಬಂದಾಗ ಮೀಸಲು ಸ್ಥಳ ಸಾಲದೆಹೋಗಿಯೋ, ಬರೆಯಬೇಕಾದ ಡಿಸ್ಕಿನಲ್ಲಿ ಎಡೆಯಿಲ್ಲದೆಯೋ, ಎರಡನೆಯ ಕರ್ನೆಲ್ ಅರ್ಧಕ್ಕೆದ್ದು ಬೀಳುತ್ತದೆ.

ಬಲ್ಲವರು ಇದಕ್ಕೆ ಒಂದು ಕ್ರಮವನ್ನಿಟ್ಟುಕೊಂಡಿದ್ದಾರೆ. ಹೊಸ ಯಂತ್ರವನ್ನು ಕೆಲಸಕ್ಕೆ ಹೂಡುವುದಕ್ಕೆ ಮೊದಲು, ಅದರ ಮೇಲೆ ಯಾರ ಪತ್ರವೂ ಯಾರ ಹಣವೂ ಇಲ್ಲದಿರುವಾಗ, ಸಿಸ್‌ಆರ್‌ಕ್ಯೂ ಎಂಬ ಬಾಗಿಲಿನಿಂದ ಸಿ ಎಂಬ ಒಂದೇ ಅಕ್ಷರವನ್ನು ಕಳುಹಿಸಿ ಕರ್ನೆಲ್ಲನ್ನು ಬೇಕೆಂದೇ ಕೆಡಹುತ್ತಾರೆ. ಪರದೆ ನಿಲ್ಲುತ್ತದೆ. ಮಲಗಿದ್ದವನು ಏಳುತ್ತಾನೋ ಇಲ್ಲವೋ ಎಂದು ಕಾಯುತ್ತಾರೆ. ಎದ್ದು, ಬರೆದು, ಯಂತ್ರವು ಮತ್ತೆ ಹೊರಟಮೇಲೆ ಡಂಪಿನ ಕಡತವನ್ನು ತೆರೆದು, ಅದು ಓದಲು ಬರುತ್ತದೆಯೇ, ಹೆಸರುಗಳು ತಾಳೆಯಾಗುತ್ತವೆಯೇ ಎಂದು ನೋಡಿಕೊಳ್ಳುತ್ತಾರೆ. ಸರಿಯಿದ್ದರೆ ಯಂತ್ರವನ್ನು ಜನರಿಗೆ ಒಪ್ಪಿಸುತ್ತಾರೆ. ಇಲ್ಲದಿದ್ದರೆ ಮೀಸಲು ಸ್ಥಳವನ್ನು ಹೆಚ್ಚಿಸಿ ಇನ್ನೊಮ್ಮೆ ಕೆಡಹುತ್ತಾರೆ.